ಅಂಕಿಯಿಂದ ಚಂಡೆಯವರೆಗೆ

ಯಕ್ಷಗಾನದ ಹಿಮ್ಮೇಳವನ್ನು ಮನೆಯ ಸ್ಪೀಕರಿನಲ್ಲಿ ಮನಸ್ಸು ತುಂಬುವಂತೆ ಕೇಳುವುದು ಸುಲಭವಲ್ಲ. ಕರುಣರಸದ ಪದ್ಯಕ್ಕೆ ಭಾಗವತರು ಸ್ವರ ಇಳಿಸಿದಾಗ ಮದ್ದಳೆ ಮೆಲ್ಲಗೆ ಜತೆಗೂಡುತ್ತದೆ, ಚಂಡೆ ಸುಮ್ಮನಿರುತ್ತದೆ. ಮುಂದಿನ ಪದ್ಯದಲ್ಲಿ ವೀರ ಬಂತೆಂದರೆ ಅದೇ ಚಂಡೆ ಒಂದೇ ಪೆಟ್ಟಿಗೆ ಇಡೀ ರಂಗಸ್ಥಳವನ್ನು ವಶಕ್ಕೆ ತೆಗೆದುಕೊಳ್ಳುತ್ತದೆ. ಅದರ ಮೇಲೆ ತಾಳದ ಲೋಹದ ಕಿಣಿ, ಕೆಳಗೆ ಶ್ರುತಿಪೆಟ್ಟಿಗೆಯ ಎಡೆಬಿಡದ ನಾದ. ಬಯಲಿನಲ್ಲಿ ಕೂತು ಆಟ ನೋಡಿದವರಿಗೆ ಇವು ಒಂದೊಂದೂ ಬೇರೆ ಬೇರೆಯಾಗಿ ಕೇಳಿರುತ್ತವೆ. ಅದೇ ಆಟದ ಧ್ವನಿಮುದ್ರಣ ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದ ಆಂಪ್ಲಿಫಯರಿಗೆ ಹೋದಾಗ ಚಂಡೆ ಚಪ್ಪಟೆಯಾಗುತ್ತದೆ, ತಾಳ ಕರ್ಕಶವಾಗುತ್ತದೆ, ಹಿಂದೆ ಸಣ್ಣದೊಂದು ಗುಂಯ್ ಸದ್ದು ಸೇರಿಕೊಳ್ಳುತ್ತದೆ.

ಇದಕ್ಕೆ ಮಾರುಕಟ್ಟೆ ಎರಡು ಮದ್ದು ಹೇಳುತ್ತದೆ. ಒಂದು, ಕಂಪ್ಯೂಟರಿನ ಹೊರಗೆ ಕೂರುವ ಪರಿವರ್ತಕ. ಅಂಕಿಗಳನ್ನು ವಿದ್ಯುತ್ ಅಲೆಯಾಗಿ ಮಾಡುವ ಈ ಪೆಟ್ಟಿಗೆಗೆ ಬಳಕೆದಾರರ ಬಾಯಲ್ಲಿ ಡ್ಯಾಕ್ ಎಂದೇ ಹೆಸರು. ಇನ್ನೊಂದು ಅಪ್‌ಸ್ಯಾಂಪ್ಲರ್, ಅಂದರೆ ಸೆಕೆಂಡಿಗೆ 44,100 ಇದ್ದ ಮಾದರಿಗಳನ್ನು 96,000 ಅಥವಾ 1,92,000ಕ್ಕೆ ಏರಿಸಿ ಡ್ಯಾಕ್‌ಗೆ ಕೊಡುವ ಯಂತ್ರ ಅಥವಾ ತಂತ್ರಾಂಶ. ಬೆಲೆ ಸಾವಿರ ರೂಪಾಯಿಯಿಂದ ಹಿಡಿದು ಲಕ್ಷಗಳವರೆಗೆ ಹೋಗುತ್ತದೆ. ಉಡುಪಿಯಲ್ಲೋ ಕಾಪುವಿನಲ್ಲೋ ಕಾರ್ಕಳದಲ್ಲೋ ಇರುವ ಒಂದು ಮನೆಗೆ ಇವುಗಳಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂದು ತಿಳಿಯಬೇಕಾದರೆ ಮೊದಲು ಆ 44,100ರ ಜಾತಕ ನೋಡಬೇಕು.

ಶಬ್ದವೆಂದರೆ ಗಾಳಿಯ ಒತ್ತಡದಲ್ಲಿ ಆಗುವ ಏರಿಳಿತ. ಮೈಕ್ ಅದನ್ನು ವಿದ್ಯುತ್ತಿನ ಏರಿಳಿತ ಮಾಡುತ್ತದೆ. ಡಿಜಿಟಲ್ ಯಂತ್ರ ಆ ವಿದ್ಯುತ್ತನ್ನು ಗೊತ್ತಾದ ಅಂತರದಲ್ಲಿ ಅಳೆದು ಅಂಕಿ ಬರೆದಿಡುತ್ತದೆ. ಎಷ್ಟು ಬೇಗ ಬೇಗ ಅಳೆಯಬೇಕು? ಅಮೆರಿಕದ ಎಟಿ ಅಂಡ್ ಟಿ ಕಂಪನಿಯ ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ತಂತಿ ಸಂದೇಶಗಳ ಬಗ್ಗೆ ಬರೆಯುತ್ತ ಈ ಪ್ರಶ್ನೆಗೆ ಬುನಾದಿ ಹಾಕಿದರು. ಬೆಲ್ ಪ್ರಯೋಗಾಲಯದ ಕ್ಲಾಡ್ ಶಾನನ್ 1949ರಲ್ಲಿ ಅದನ್ನು ಪ್ರಮೇಯದ ರೂಪದಲ್ಲಿ ಸ್ಪಷ್ಟವಾಗಿ ನಿಲ್ಲಿಸಿದರು. ಅಲೆಯಲ್ಲಿರುವ ಅತಿ ಹೆಚ್ಚಿನ ಆವರ್ತನದ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆದರೆ ಸಾಕು, ಮೂಲ ಅಲೆಯನ್ನು ಪೂರ್ತಿಯಾಗಿ ಮರಳಿ ಕಟ್ಟಬಹುದು. ಎರಡು ಮಾದರಿಗಳ ನಡುವಿನ ಭಾಗವೂ ಇದರಲ್ಲಿ ಸೇರಿದೆ. ಜಾಹೀರಾತುಗಳಲ್ಲಿ ಡಿಜಿಟಲ್ ಅಲೆಯನ್ನು ಮೆಟ್ಟಿಲುಮೆಟ್ಟಿಲಾಗಿ ಬರೆದು, ಅಪ್‌ಸ್ಯಾಂಪ್ಲಿಂಗ್ ಆ ಮೆಟ್ಟಿಲನ್ನು ಸಣ್ಣದು ಮಾಡುತ್ತದೆ ಎಂದು ತೋರಿಸುವುದುಂಟು. ಆ ಚಿತ್ರ ತಪ್ಪು. ಸರಿಯಾಗಿ ಸೋಸಿದ ಡ್ಯಾಕ್‌ನಿಂದ ಹೊರಬರುವ ಅಲೆಯಲ್ಲಿ ಮೆಟ್ಟಿಲು ಇರುವುದಿಲ್ಲ. ಆಸಿಲೋಸ್ಕೋಪಿನ ಪರದೆಯಲ್ಲಿ ಅದು ನುಣುಪಾಗಿಯೇ ಕಾಣುತ್ತದೆ.

ಮನುಷ್ಯನ ಕಿವಿಯ ಮೇಲಿನ ಮಿತಿ 20,000 ಹರ್ಟ್ಸ್. ಅಂದಮೇಲೆ 40,000ಕ್ಕಿಂತ ಸ್ವಲ್ಪ ಹೆಚ್ಚು ಮಾದರಿಗಳು ಬೇಕು. ಅದು 44,100 ಎಂಬ ವಿಚಿತ್ರ ಸಂಖ್ಯೆಯಲ್ಲಿ ನಿಂತದ್ದಕ್ಕೆ ಕಾರಣ ವಿಡಿಯೋ ಟೇಪು. 1970ರ ದಶಕದ ಕೊನೆಯಲ್ಲಿ ಅಷ್ಟೊಂದು ಅಂಕಿಗಳನ್ನು ಹಿಡಿದಿಡಬಲ್ಲ, ಕೈಗೆಟಕುವ ಯಂತ್ರವೆಂದರೆ ವಿಡಿಯೋ ರೆಕಾರ್ಡರ್ ಮಾತ್ರ. ಅಮೆರಿಕ ಮತ್ತು ಜಪಾನಿನ ಪದ್ಧತಿಯಲ್ಲಿ ಒಂದು ಗೆರೆಗೆ 3 ಮಾದರಿ, ಬಳಸಬಹುದಾದ 245 ಗೆರೆ, ಸೆಕೆಂಡಿಗೆ 60 ಸಲ. ಯುರೋಪಿನಲ್ಲಿ 3 ಮಾದರಿ, 294 ಗೆರೆ, 50 ಸಲ. ಎರಡನ್ನೂ ಗುಣಿಸಿದರೆ 44,100. ಸೋನಿ ಮತ್ತು ಫಿಲಿಪ್ಸ್ ಕಂಪನಿಗಳು ಇದೇ ಸಂಖ್ಯೆಯನ್ನು ಸಿ.ಡಿ.ಗೆ ಒಪ್ಪಿಕೊಂಡವು. ಪ್ರತಿ ಮಾದರಿಗೆ 16 ಬಿಟ್, ಅಂದರೆ 65,536 ಹಂತ. ಅತಿ ಮೆಲು ಸದ್ದಿನಿಂದ ಅತಿ ಜೋರಿನವರೆಗೆ ಸುಮಾರು 98 ಡೆಸಿಬೆಲ್‌ಗಳ ಹರವು.

ಕಷ್ಟವಿದ್ದದ್ದು ಮರಳಿ ಕಟ್ಟುವಾಗ. ಅಂಕಿಗಳನ್ನು ಅಲೆ ಮಾಡಿದಾಗ ಮೂಲ ಧ್ವನಿಯ ಜತೆಗೆ ಅದರ ಪಡಿಯಚ್ಚುಗಳೂ ಮೇಲಿನ ಆವರ್ತನಗಳಲ್ಲಿ ಹುಟ್ಟುತ್ತವೆ. 20,000 ಹರ್ಟ್ಸಿನ ಒಂದು ಸ್ವರವಿದ್ದರೆ 24,100ರಲ್ಲಿ ಅದರ ಪಡಿಯಚ್ಚು ಇರುತ್ತದೆ. ಮೊದಲನೆಯದನ್ನು ಮುಟ್ಟದೆ ಎರಡನೆಯದನ್ನು ಅಳಿಸಬಲ್ಲ ಸೋಸುಕವನ್ನು ಕಾಯಿಲ್, ಕೆಪಾಸಿಟರುಗಳಿಂದ ಕಟ್ಟುವುದು ತ್ರಾಸದ ಕೆಲಸ. ಅಷ್ಟು ಕಡಿದಾದ ಸೋಸುಕ ಕೇಳುವ ವಲಯದ ಮೇಲ್ತುದಿಯಲ್ಲೂ ಅಲೆಗಳ ಹೊಂದಾಣಿಕೆಯನ್ನು ಕೆಡಿಸುತ್ತದೆ. 1982ರ ಅಕ್ಟೋಬರ್ 1ರಂದು ಜಪಾನಿನಲ್ಲಿ ಮಾರಾಟಕ್ಕೆ ಬಂದ ಸೋನಿ ಸಿಡಿಪಿ-101ರಲ್ಲಿ 16 ಬಿಟ್ ಪರಿವರ್ತಕದ ಹಿಂದೆ ಇಂಥ ಸೋಸುಕವೇ ಇತ್ತು. ಫಿಲಿಪ್ಸ್ ಬೇರೆ ದಾರಿ ಹಿಡಿಯಿತು. ಅದರ ಕೈಯಲ್ಲಿದ್ದದ್ದು 14 ಬಿಟ್‌ನ ಚಿಪ್, ಟಿಡಿಎ 1540. ಸಿ.ಡಿ. 16 ಬಿಟ್ ಎಂದು ತೀರ್ಮಾನವಾಗಿಬಿಟ್ಟಿತ್ತು. ಎರಡು ಬಿಟ್ ಕಡಿಮೆ ಬಿದ್ದ ಆ ಚಿಪ್‌ನಿಂದಲೇ ಪೂರ್ಣ ಧ್ವನಿ ತೆಗೆಯಲು ಅಲ್ಲಿನ ಎಂಜಿನಿಯರುಗಳು ಮಾದರಿಗಳ ಸಂಖ್ಯೆಯನ್ನು ನಾಲ್ಕು ಪಟ್ಟು ಏರಿಸಿ ಸೆಕೆಂಡಿಗೆ 1,76,400 ಮಾಡಿದರು. ಹತ್ತಿರದ ಪಡಿಯಚ್ಚು 1,56,400 ಹರ್ಟ್ಸಿನಷ್ಟು ದೂರ ಹೋಯಿತು. ಕಡಿದಾದ ಸೋಸುಕದ ಕೆಲಸವೆಲ್ಲ ಅಂಕಗಣಿತದಲ್ಲೇ ಮುಗಿದು, ಕೊನೆಗೆ ಒಂದು ಸೌಮ್ಯ ಸೋಸುಕ ಸಾಕಾಯಿತು. ಬಿಟ್‌ಗಳ ಕೊರತೆಯಿಂದ ಹುಟ್ಟುವ ಗದ್ದಲವನ್ನೂ ಲೆಕ್ಕಾಚಾರದಿಂದಲೇ ಕಿವಿಗೆ ನಿಲುಕದ ಮೇಲಿನ ಆವರ್ತನಗಳಿಗೆ ತಳ್ಳಿದರು. ಡಿಜಿಟಲ್ ಧ್ವನಿಯ ಚರಿತ್ರೆಯಲ್ಲಿ ಇದಕ್ಕಿಂತ ಸೊಗಸಾದ ಎಂಜಿನಿಯರಿಂಗ್ ಸಿಗುವುದು ಕಷ್ಟ. ಅಪ್‌ಸ್ಯಾಂಪ್ಲಿಂಗ್ ಎಂದು ಇಂದು ಬೇರೆ ಹೆಸರಿನಲ್ಲಿ ಮಾರಾಟವಾಗುವ ಗಣಿತ ಇದೇ.

ಕಡಿಮೆ ಹಂತಗಳಿಂದ ಹೆಚ್ಚು ಹಂತಗಳ ಅನುಭವ ಬರಿಸುವುದು ಹೇಗೆ ಎಂದು ಆಶ್ಚರ್ಯಪಡುವವರು ಮಣಿಪಾಲದಿಂದ ಹೊರಡುವ ‘ಉದಯವಾಣಿ’ಯ ಒಂದು ಕಪ್ಪು-ಬಿಳುಪು ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಬಹುದು. ಮುದ್ರಣಯಂತ್ರಕ್ಕೆ ಬೂದು ಬಣ್ಣ ಗೊತ್ತಿಲ್ಲ. ಶಾಯಿ ಇದೆ ಅಥವಾ ಇಲ್ಲ, ಅಷ್ಟೇ. ಅದು ಒಂದೇ ಬಿಟ್‌ನ ಯಂತ್ರ. ಆದರೂ ಚುಕ್ಕಿಗಳು ಸಾಕಷ್ಟು ಸಣ್ಣದಾಗಿದ್ದರೆ ಕಣ್ಣು ಅವುಗಳ ಸರಾಸರಿ ತೆಗೆದು ಮುಖದ ಮೇಲಿನ ನೆರಳಿನ ಎಲ್ಲ ಛಾಯೆಗಳನ್ನೂ ಕಾಣುತ್ತದೆ. ಇಂದಿನ ಬಹುತೇಕ ಡ್ಯಾಕ್ ಚಿಪ್‌ಗಳು ಒಳಗೆ ಮಾಡುವುದೂ ಇದನ್ನೇ. ಬಂದ ಅಂಕಿಗಳನ್ನು ಮೊದಲು ಎಂಟು ಪಟ್ಟು ಏರಿಸಿ, ಅಲ್ಲಿಂದ ಸೆಕೆಂಡಿಗೆ ಲಕ್ಷಾಂತರ ಸಲ, ಕೆಲವೇ ಹಂತಗಳ ಏರಿಳಿತವಾಗಿ ಬದಲಿಸುತ್ತವೆ. 1999ರಲ್ಲಿ ಬಂದ ಸೂಪರ್ ಆಡಿಯೋ ಸಿ.ಡಿ. ಇದನ್ನು ತುದಿಗೇ ಒಯ್ದಿತು. ಒಂದೇ ಬಿಟ್, ಸೆಕೆಂಡಿಗೆ 28,22,400 ಸಲ.

ಒಂದು ಬಿಟ್‌ನಲ್ಲಿ ಧ್ವನಿ ಬರೆಯುವ ಈ ವಿದ್ಯೆಗೆ ಕರ್ನಾಟಕದ ನಂಟೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಡಾಕ್ಟರೇಟ್ ಪಡೆದು ಬೆಲ್ ಪ್ರಯೋಗಾಲಯ ಸೇರಿದ ನುಗ್ಗೇಹಳ್ಳಿ ಎಸ್. ಜಯಂತ್ ಅವರು ಒಂದೊಂದೇ ಬಿಟ್‌ನಿಂದ ಮಾತನ್ನು ಸಂಕೇತಿಸುವಾಗ ಹೆಜ್ಜೆಯ ಗಾತ್ರವನ್ನು ಧ್ವನಿಗೆ ತಕ್ಕಂತೆ ಬದಲಿಸುತ್ತ ಹೋಗುವ ವಿಧಾನವನ್ನು 1970ರಲ್ಲಿ ಪ್ರಕಟಿಸಿದರು. ಪೀಟರ್ ನೋಲ್ ಜತೆಗೂಡಿ ಅವರು 1984ರಲ್ಲಿ ಹೊರತಂದ ಅಲೆಗಳ ಡಿಜಿಟಲ್ ಸಂಕೇತನದ ಗ್ರಂಥ ಈ ಕ್ಷೇತ್ರದವರಿಗೆ ಇಂದಿಗೂ ಮೂಲಪಾಠ. ಕಿವಿಗೆ ಕೇಳದ ಭಾಗವನ್ನು ಬಿಟ್ಟು ಉಳಿದದ್ದನ್ನು ಮಾತ್ರ ಕಳಿಸುವ, ಎಂಪಿ3ಗೆ ತಳಹದಿಯಾದ ಚಿಂತನೆ ಬೆಳೆದ ಜಾಗಗಳಲ್ಲಿ ಅವರಿದ್ದ ವಿಭಾಗವೂ ಒಂದು.

ಇಷ್ಟು ತಿಳಿದ ಮೇಲೆ ಪ್ರತ್ಯೇಕ ಅಪ್‌ಸ್ಯಾಂಪ್ಲರ್ ಪೆಟ್ಟಿಗೆಯ ಪ್ರಶ್ನೆಗೆ ಬರಬಹುದು. 1990ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಡಿಸಿಎಸ್ ಕಂಪನಿಯ 972 ಎಂಬ ಸ್ಟುಡಿಯೋ ಯಂತ್ರವನ್ನು ಮನೆಯ ಕೇಳುಗರು ಸಿ.ಡಿ. ಪ್ಲೇಯರಿಗೂ ಡ್ಯಾಕ್‌ಗೂ ನಡುವೆ ಇಟ್ಟು ನೋಡಿದಾಗ ಈ ಹುಚ್ಚು ಶುರುವಾಯಿತು. ಅದಕ್ಕೆ ಕಾರಣ ಇರಲಿಲ್ಲವೆಂದಲ್ಲ. ಅಂದಿನ ಎಷ್ಟೋ ಡ್ಯಾಕ್‌ಗಳ ಒಳಗಿನ ಡಿಜಿಟಲ್ ಸೋಸುಕ ಸಾಧಾರಣದ್ದಾಗಿತ್ತು. ಹೊರಗಿನ ಯಂತ್ರ ಇನ್ನೂ ಒಳ್ಳೆಯ ಲೆಕ್ಕ ಹಾಕಿ ಕೊಟ್ಟರೆ ಒಳಗಿನದಕ್ಕೆ ಹೆಚ್ಚು ಕೆಲಸ ಉಳಿಯುತ್ತಿರಲಿಲ್ಲ. ಇಂದು ಸೋಸುಕದ ಲೆಕ್ಕ ಅಗ್ಗವಾಗಿದೆ. ಸಾಕ್ಸ್‌ನಂಥ ಉಚಿತ ತಂತ್ರಾಂಶ ಯಾವುದೇ ಲ್ಯಾಪ್‌ಟಾಪಿನಲ್ಲಿ ಅಂದಿನ ದುಬಾರಿ ಪೆಟ್ಟಿಗೆಗಿಂತ ಕಟ್ಟುನಿಟ್ಟಾಗಿ ಅದೇ ಕೆಲಸ ಮಾಡುತ್ತದೆ. ಮಾದರಿಗಳ ಸಂಖ್ಯೆ ಏರಿದಾಗ ಹೊಸ ಮಾಹಿತಿ ಏನೂ ಸೇರುವುದಿಲ್ಲ. ಇದ್ದ ಅಲೆಯ ಮೇಲೆಯೇ ಇನ್ನಷ್ಟು ಬಿಂದುಗಳನ್ನು ಗುರುತಿಸಿದಂತಾಗುತ್ತದೆ.

ಹಾಗಿದ್ದರೂ ಎರಡು ಕಡೆ ಇದರಿಂದ ನಿಜವಾದ ಪ್ರಯೋಜನವಿದೆ, ಅವೆರಡೂ ಜಾಹೀರಾತಿನಲ್ಲಿ ಬರುವುದಿಲ್ಲ. ಹಲವು ಆಂಡ್ರಾಯ್ಡ್ ಫೋನುಗಳು ಸಿ.ಡಿ.ಯಿಂದ ತೆಗೆದ 44,100ರ ಹಾಡನ್ನು ತಮ್ಮಷ್ಟಕ್ಕೆ 48,000ಕ್ಕೆ ಬದಲಿಸಿಯೇ ನುಡಿಸುತ್ತವೆ. 147 ಮಾದರಿಗಳ ಜಾಗದಲ್ಲಿ 160 ಕೂರಿಸುವ ಅಡ್ಡಾದಿಡ್ಡಿ ಲೆಕ್ಕ ಅದು. ಬ್ಯಾಟರಿ ಉಳಿಸಲು ಅದನ್ನು ಒರಟಾಗಿ ಮಾಡಿದ ಫೋನಿನಲ್ಲಿ ತಾಳದ ಸದ್ದು ಒಡೆದಂತೆ ಕೇಳಬಹುದು. ಮೂಲ ಸಂಖ್ಯೆಯಲ್ಲೇ ಡ್ಯಾಕ್‌ಗೆ ಕಳಿಸುವ ಆಪ್ ಬಳಸಿದರೆ ಅಥವಾ ಒಳ್ಳೆಯ ತಂತ್ರಾಂಶದಿಂದ ಮೊದಲೇ ಬದಲಿಸಿ ಇಟ್ಟುಕೊಂಡರೆ ಆ ತೊಂದರೆ ಹೋಗುತ್ತದೆ. ಎರಡನೆಯದು ಜೋರು ಮುದ್ರಣದ್ದು. ಎರಡು ಮಾದರಿಗಳೂ ಗರಿಷ್ಠ ಮಿತಿಯಲ್ಲಿದ್ದಾಗ ಅವುಗಳ ನಡುವಿನ ನಿಜವಾದ ಅಲೆ ಆ ಮಿತಿಯನ್ನೂ ಮೀರಿರಬಹುದು. 11,025 ಹರ್ಟ್ಸಿನ ಸ್ವರವೊಂದರಲ್ಲಿ ಇದು 3 ಡೆಸಿಬೆಲ್‌ಗಳವರೆಗೆ ಹೋಗಲು ಸಾಧ್ಯ. ಡ್ಯಾಕ್‌ನೊಳಗಿನ ಸೋಸುಕ ಆ ಶಿಖರವನ್ನು ಕಟ್ಟಲು ಹೋಗಿ ತಲೆ ಕತ್ತರಿಸುತ್ತದೆ. ಇತ್ತೀಚಿನ ಸಿನಿಮಾ ಹಾಡುಗಳಲ್ಲಿ, ಮಿಕ್ಸರಿನ ಕೆಂಪುದೀಪ ಉರಿಯುತ್ತಿದ್ದಾಗಲೇ ನೇರ ಪ್ರಸಾರವಾದ ಆಟಗಳ ಚಂಡೆಯಲ್ಲಿ, ಇದು ಬೇಕಾದಷ್ಟು ಆಗುತ್ತದೆ. ತಂತ್ರಾಂಶದಲ್ಲೇ ಧ್ವನಿಯನ್ನು 3 ಅಥವಾ 4 ಡೆಸಿಬೆಲ್ ತಗ್ಗಿಸಿ ಡ್ಯಾಕ್‌ಗೆ ಕೊಟ್ಟು, ಆಂಪ್ಲಿಫಯರಿನ ಗುಬುಟನ್ನು ಅಷ್ಟು ಏರಿಸಿದರೆ ಡ್ಯಾಕ್‌ನಲ್ಲಿ ಹುಟ್ಟುವ ಕರ್ಕಶತೆ ನಿಲ್ಲುತ್ತದೆ. ಮಿಕ್ಸರಿನಲ್ಲೇ ಕತ್ತರಿಸಿಹೋದದ್ದು ಮಾತ್ರ ಮರಳಿ ಬರುವುದಿಲ್ಲ. ಈ ಉಪಾಯಕ್ಕೆ ಒಂದು ರೂಪಾಯಿಯ ಖರ್ಚೂ ಇಲ್ಲ.

ಹೊರಗಿನ ಡ್ಯಾಕ್‌ನ ಮಾತು ಬೇರೆ. ಅದು ಬಹಳ ಮನೆಗಳಲ್ಲಿ ತಟ್ಟನೆ ಗೊತ್ತಾಗುವ ಸುಧಾರಣೆ ತರುತ್ತದೆ. ಕಾರಣ ಅಂಕಿಗಳಲ್ಲಿ ಇಲ್ಲ, ವಿದ್ಯುತ್ತಿನಲ್ಲಿದೆ. ಲ್ಯಾಪ್‌ಟಾಪಿನೊಳಗೆ ಪ್ರೊಸೆಸರ್, ಡಿಸ್ಕ್, ವೈಫೈ ಎಲ್ಲವೂ ಕ್ಷಣಕ್ಷಣಕ್ಕೂ ಪ್ರವಾಹ ಎಳೆಯುತ್ತಿರುತ್ತವೆ. ಅದೇ ಹಲಗೆಯ ಮೇಲೆ, ಅದೇ ನೆಲತಂತಿಗೆ ಅಂಟಿಕೊಂಡು ಧ್ವನಿಯ ಸೂಕ್ಷ್ಮ ಮಂಡಲ ಕೂತಿರುತ್ತದೆ. ಮೌಸ್ ಆಡಿಸಿದಾಗ ಸ್ಪೀಕರಿನಲ್ಲಿ ಚಿರ್ ಎನ್ನುವುದು ಇದರಿಂದಲೇ. ಆ ಮಂಡಲವನ್ನು ಹೊರತೆಗೆದು ಬೇರೆ ಪೆಟ್ಟಿಗೆಯಲ್ಲಿ, ಒಳ್ಳೆಯ ವಿದ್ಯುತ್ ಕೊಟ್ಟು ಇಟ್ಟರೆ ಗದ್ದಲ ಹೋಗುತ್ತದೆ. ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುವ, ಫೋನಿಗೆ ಚುಚ್ಚುವ ಬೆರಳುದ್ದದ ಡ್ಯಾಕ್‌ಗಳು ಕೂಡ ಈಗ ಅಳತೆಯಲ್ಲಿ ಅಚ್ಚರಿ ಹುಟ್ಟಿಸುವಷ್ಟು ಚೊಕ್ಕವಾಗಿವೆ.

ಕರಾವಳಿಯ ಮನೆಗಳಿಗೆ ಇನ್ನೊಂದು ಕಾಟವಿದೆ, ಅದು ಅರ್ಥಿಂಗ್. ಮಣಿಪಾಲ ನಿಂತಿರುವುದು ಮುರಕಲ್ಲಿನ ಗುಡ್ಡದ ಮೇಲೆ. ಉಡುಪಿ ಸುತ್ತಮುತ್ತ ಬಹಳಷ್ಟು ನೆಲ ಅದೇ. ಮಳೆಗಾಲದಲ್ಲಿ ನೀರು ಕುಡಿದ ನೆಲ ವಿದ್ಯುತ್ತನ್ನು ಒಯ್ಯುತ್ತದೆ, ಮಾರ್ಚ್ ದಾಟಿದ ಮೇಲೆ ಒಣಗಿದ ಮುರಕಲ್ಲು ಅಷ್ಟಾಗಿ ಒಯ್ಯುವುದಿಲ್ಲ. ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹೊಯ್ಯುವ ರೂಢಿ ಬಂದದ್ದೇ ಹಾಗೆ. ಅರ್ಥಿಂಗ್ ಸಡಿಲವಾದ ಮನೆಯಲ್ಲಿ ಎರಡು ಕಡ್ಡಿಯ ಚಾರ್ಜರ್, ಕೇಬಲ್ ಟಿ.ವಿ.ಯ ಪೆಟ್ಟಿಗೆ, ಆಂಪ್ಲಿಫಯರ್ ಮೂರೂ ಒಂದಕ್ಕೊಂದು ತಂತಿಯಿಂದ ಸೇರಿದಾಗ 50 ಹರ್ಟ್ಸಿನ ಗುಂಯ್ ಶುರುವಾಗುತ್ತದೆ. ಇದನ್ನು ದುಬಾರಿ ಡ್ಯಾಕ್ ತಂದು ಓಡಿಸಲಾಗದು. ಟಿ.ವಿ. ಅಥವಾ ಪ್ಲೇಯರಿನಲ್ಲಿ ಆಪ್ಟಿಕಲ್ ಕಿಂಡಿ ಇದ್ದರೆ ಅಲ್ಲಿಂದ ಡ್ಯಾಕ್‌ಗೆ ಬೆಳಕಿನ ಎಳೆ ಎಳೆಯಬೇಕು. ತೋಶಿಬಾ ಕಂಪನಿ 1983ರಲ್ಲಿ ತಂದ ಈ ಜೋಡಣೆಯಲ್ಲಿ ಲೋಹದ ಸಂಪರ್ಕವೇ ಇಲ್ಲ. ಗುಂಯ್ ದಾಟಿ ಬರಲು ದಾರಿಯೂ ಇಲ್ಲ. ಇನ್ನು ಕೆಲವರು ಗುಂಯ್ ಹೋಗಲೆಂದು ಆಂಪ್ಲಿಫಯರಿನ ಮೂರನೆಯ ಕಡ್ಡಿಯನ್ನೇ ಕಿತ್ತುಹಾಕುತ್ತಾರೆ. ಅದು ಜೀವಕ್ಕೆ ಅಪಾಯ, ಯಾರೂ ಮಾಡಬಾರದು.

ಕಾಪುವಿನ ಕಡಲ ಬದಿಯ ಮನೆಗಳಲ್ಲಿ ಉಪ್ಪುಗಾಳಿ ಕೇಬಲ್ ತುದಿಗಳ ಮೇಲೆ ಸದ್ದಿಲ್ಲದೆ ಕೆಲಸ ಮಾಡುತ್ತಿರುತ್ತದೆ. ಹಿತ್ತಾಳೆಯ ಮೇಲಿನ ತೆಳು ಲೇಪ ಎದ್ದು, ಸಂಪರ್ಕ ಕೆಟ್ಟು, ಒಂದು ಸ್ಪೀಕರ್ ಆಗಾಗ ಮೌನವಾಗುತ್ತದೆ. ಡ್ಯಾಕ್ ಬದಲಿಸುವ ಮೊದಲು ಎಲ್ಲ ತುದಿಗಳನ್ನೂ ಬಿಚ್ಚಿ, ಸಂಪರ್ಕ ಶುದ್ಧೀಕರಿಸುವ ದ್ರಾವಣದಿಂದ ಒರೆಸಿ ಮತ್ತೆ ಚುಚ್ಚಿದರೆ ಎಷ್ಟೋ ಸಲ ಹಳೆಯ ಯಂತ್ರವೇ ಹೊಸದಾಗುತ್ತದೆ. ಘಟ್ಟದ ಬುಡದ ಕಾರ್ಕಳದಲ್ಲಿ ಭಯ ಸಿಡಿಲಿನದು. ಮುಂಗಾರಿಗೆ ಮೊದಲು, ಹಿಂಗಾರಿನಲ್ಲಿ, ಸಂಜೆ ಹೊತ್ತು ಮೋಡ ಗುಡುಗಿದರೆ ಟಿ.ವಿ.ಯ ಪ್ಲಗ್ ಕೀಳುವುದು ಅಲ್ಲಿನ ಮನೆಗಳಲ್ಲಿ ಅಭ್ಯಾಸವಾಗಿದೆ. ಡ್ಯಾಕ್, ಆಂಪ್ಲಿಫಯರ್, ಇಂಟರ್‌ನೆಟ್ ಪೆಟ್ಟಿಗೆಗಳನ್ನೂ ಆ ಪಟ್ಟಿಗೆ ಸೇರಿಸಬೇಕು. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು.

ಜಿಟರ್ ಎಂಬ ಶಬ್ದವನ್ನು ಹೇಳಿ ಬೆಲೆ ಏರಿಸುವವರಿದ್ದಾರೆ. ಮಾದರಿಗಳು ಬರಬೇಕಾದ ಹೊತ್ತಿಗೆ ಸರಿಯಾಗಿ ಬರದೆ ತುಸು ಹಿಂದೆಮುಂದೆ ಆಗುವುದೇ ಜಿಟರ್. 16 ಬಿಟ್‌ನ ನಿಖರತೆ 20,000 ಹರ್ಟ್ಸಿನಲ್ಲೂ ಕೆಡದಿರಬೇಕಾದರೆ ಗಡಿಯಾರದ ತಪ್ಪು ಸುಮಾರು 120 ಪಿಕೋಸೆಕೆಂಡ್ ಮೀರಬಾರದು ಎಂದು ಲೆಕ್ಕ ಹೇಳುತ್ತದೆ. ಆ ಅವಧಿಯಲ್ಲಿ ಬೆಳಕು ಕೂಡ ನಾಲ್ಕು ಸೆಂಟಿಮೀಟರ್ ದಾಟುವುದಿಲ್ಲ. ಆದರೆ ಕಿವಿ ಅಷ್ಟು ಕಟ್ಟುನಿಟ್ಟಲ್ಲ. ಜಪಾನಿನ ಅಶಿಹಾರಾ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಸಂಗೀತದ ನಡುವೆ ಅಡ್ಡಾದಿಡ್ಡಿ ಜಿಟರ್ ಸೇರಿಸಿದಾಗ ಅದು ನೂರಾರು ನ್ಯಾನೋಸೆಕೆಂಡ್‌ಗಳಿಗೆ ಏರುವವರೆಗೆ ಕೇಳುಗರಿಗೆ ಗೊತ್ತಾಗಲಿಲ್ಲ. ಮೇಲಿನ ಲೆಕ್ಕದ ಸಾವಿರ ಪಟ್ಟಿಗಿಂತ ಹೆಚ್ಚು ಅದು. ಜತೆಗೆ ಇಂದಿನ ಸಾಮಾನ್ಯ ಯುಎಸ್‌ಬಿ ಡ್ಯಾಕ್‌ಗಳು ಕಂಪ್ಯೂಟರಿನ ಗಡಿಯಾರವನ್ನು ನಂಬುವುದೇ ಇಲ್ಲ. ತಮ್ಮ ಹರಳಿನ ಗಡಿಯಾರ ನೋಡಿ, ಬೇಕಾದಾಗ ಬೇಕಾದಷ್ಟು ಅಂಕಿಗಳನ್ನು ತಾವೇ ಕೇಳಿ ತರಿಸಿಕೊಳ್ಳುತ್ತವೆ.

ಹೆಚ್ಚಿನ ಮಾದರಿಗಳಿಂದ ಏನಾದರೂ ಕೇಳುತ್ತದೆಯೇ ಎಂಬುದನ್ನು ಕಣ್ಣು ಮುಚ್ಚಿ ಪರೀಕ್ಷಿಸಿದವರಿದ್ದಾರೆ. ಅಮೆರಿಕದ ಮೇಯರ್ ಮತ್ತು ಮೊರಾನ್ ಸೂಪರ್ ಆಡಿಯೋ ಸಿ.ಡಿ.ಯ ಧ್ವನಿಯನ್ನು ನೇರವಾಗಿಯೂ, ನಡುವೆ 16 ಬಿಟ್ 44,100ಕ್ಕೆ ಇಳಿಸಿಯೂ ಕೇಳಿಸಿದರು. 2007ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಲ್ಲಿ 554 ಸಲ ಕೇಳಿದಾಗ ಸರಿಯುತ್ತರ ಬಂದದ್ದು 276 ಸಲ. ನಾಣ್ಯ ಚಿಮ್ಮಿದರೂ ಬರುವಷ್ಟು. 2016ರಲ್ಲಿ ಲಂಡನ್ನಿನ ಜೋಶುವಾ ರೈಸ್ ಇಂಥ 18 ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ ಸರಿಯುತ್ತರ ಶೇಕಡಾ 52.3 ಬಂತು. ತರಬೇತಿ ಪಡೆದ ಕೇಳುಗರಲ್ಲಿ ತುಸು ಹೆಚ್ಚು. ವ್ಯತ್ಯಾಸವೇ ಇಲ್ಲವೆನ್ನಲಾಗದು, ಆದರೆ ಅದು ಎಷ್ಟು ಸಣ್ಣದು ಎಂಬುದನ್ನು ಲಕ್ಷ ರೂಪಾಯಿ ಎಣಿಸುವ ಮೊದಲು ನೆನೆಯುವುದು ಒಳ್ಳೆಯದು.

ಕೇಳುವ ಕಿವಿಯ ವಯಸ್ಸನ್ನೂ ಎಣಿಸಬೇಕು. ಮಕ್ಕಳಿಗೆ 20,000 ಹರ್ಟ್ಸಿನ ಹತ್ತಿರದವರೆಗೆ ಕೇಳುತ್ತದೆ. ಐವತ್ತು ದಾಟಿದವರಲ್ಲಿ ಅದು 12,000ದ ಆಸುಪಾಸಿಗೆ ಇಳಿದಿರುವುದು ಸಾಮಾನ್ಯ. ಮಣಿಪಾಲದ ವಾಕ್-ಶ್ರವಣ ವಿಭಾಗದಂಥ ಕಡೆ ಮಾಡುವ ಸಾಧಾರಣ ಶ್ರವಣ ಪರೀಕ್ಷೆ 8,000 ಹರ್ಟ್ಸಿನವರೆಗೆ ನೋಡುತ್ತದೆ, ಏಕೆಂದರೆ ಮಾತಿಗೆ ಅಷ್ಟು ಸಾಕು. ವರ್ಷಗಟ್ಟಲೆ ಚಂಡೆಯ ಪಕ್ಕದಲ್ಲಿ ಕೂತವರು, ಹೆಡ್‌ಫೋನನ್ನು ಜೋರಾಗಿಟ್ಟು ಕೇಳುವವರು ಡ್ಯಾಕ್‌ಗಿಂತ ಮೊದಲು ಈ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಕಿವಿಯಾದ ಮೇಲೆ ಕೋಣೆ. ಸಿ.ಡಿ.ಯ 98 ಡೆಸಿಬೆಲ್ ಹರವನ್ನು ಪೂರ್ತಿ ಬಳಸುವ ಮನೆಯೇ ಇಲ್ಲ. ಫ್ಯಾನ್ ತಿರುಗುವ ಹಗಲಿನ ಕೋಣೆಯಲ್ಲಿ ಹಿನ್ನೆಲೆಯ ಸದ್ದು ಸುಮಾರು 40 ಡೆಸಿಬೆಲ್. ಚಂಡೆಯ ಪೆಟ್ಟನ್ನು 100ಕ್ಕೆ ಏರಿಸಿದರೂ ಉಳಿಯುವ ಹರವು 60. ಕಾಪುವಿನ ದೀಪಸ್ತಂಭದ ಬಳಿಯ ಮನೆಗೆ ರಾತ್ರಿಯಿಡೀ ಕಡಲಿನ ಸದ್ದು ಇರುತ್ತದೆ, ಜೂನ್ ಬಂದರೆ ತಗಡಿನ ಮಾಡಿನ ಮೇಲೆ ಮಳೆ ಬೇರೆ. ಆಗ 24 ಬಿಟ್‌ಗೂ 16 ಬಿಟ್‌ಗೂ ನಡುವಿನ ವ್ಯತ್ಯಾಸವೆಲ್ಲ ಆ ಮಳೆಯೊಳಗೇ ಮುಳುಗಿಹೋಗುತ್ತದೆ. ಹಿಂದಿನ ಹೆಂಚಿನ ಮನೆಗಳಲ್ಲಿ ಮಾಡಿನ ಸಂದು, ಮರದ ಅಟ್ಟ, ಭತ್ತದ ಮೂಟೆ, ಚಾಪೆಗಳಿಂದಾಗಿ ಸದ್ದು ಬೇಗ ತಣಿಯುತ್ತಿತ್ತು. ಈಗಿನ ಕಾಂಕ್ರೀಟು ಮಾಡು, ನುಣುಪು ಟೈಲ್ಸ್, ಗಾಜಿನ ಕಿಟಕಿಗಳ ಹಾಲ್‌ನಲ್ಲಿ ಚಂಡೆಯ ಒಂದು ಪೆಟ್ಟು ಗೋಡೆಯಿಂದ ಗೋಡೆಗೆ ಅಲೆಯುತ್ತ ಮುಂದಿನ ಪೆಟ್ಟಿನ ಮೇಲೆ ಬೀಳುತ್ತದೆ. ಮಾಡೂ ಸೇರಿದಂತೆ ಪೂರ್ತಿ ಕಲ್ಲಿನದೇ ಆದ ಕಾರ್ಕಳದ ಚತುರ್ಮುಖ ಬಸದಿಯೊಳಗೆ ಚಪ್ಪಾಳೆ ತಟ್ಟಿದವರಿಗೆ ಗಟ್ಟಿ ಮೇಲ್ಮೈ ಸದ್ದನ್ನು ಹೇಗೆ ಹಿಡಿದಿಡುತ್ತದೆಂದು ಗೊತ್ತು. ಹಾರ್ವರ್ಡ್‌ನ ವಾಲೇಸ್ ಸಾಬಿನ್ 1890ರ ದಶಕದಲ್ಲಿ, ಮಾತು ಕೇಳದಷ್ಟು ಮಾರ್ದನಿಸುತ್ತಿದ್ದ ಉಪನ್ಯಾಸ ಕೋಣೆಗೆ ರಾತ್ರಿ ಹೊತ್ತು ಪಕ್ಕದ ರಂಗಮಂದಿರದ ಆಸನದ ಮೆತ್ತೆಗಳನ್ನು ಹೊತ್ತು ತಂದು, ಒಂದೊಂದು ಮೆತ್ತೆಗೆ ಮಾರ್ದನಿ ಎಷ್ಟು ಇಳಿಯುತ್ತದೆಂದು ಅಳೆದು ಸೂತ್ರ ಬರೆದರು. ಸ್ಪೀಕರಿನ ಎದುರಿನ ಗೋಡೆಗೆ ಪುಸ್ತಕದ ಕಪಾಟು, ಕಿಟಕಿಗೆ ದಪ್ಪ ಪರದೆ, ನೆಲಕ್ಕೆ ಜಮಖಾನ. ಇಷ್ಟರಿಂದ ಬರುವ ಬದಲಾವಣೆ ಯಾವ ಅಪ್‌ಸ್ಯಾಂಪ್ಲರ್ ತರುವುದಕ್ಕಿಂತಲೂ ದೊಡ್ಡದು.

ಇನ್ನು ಮೂಲ ಮುದ್ರಣದ ವಿಷಯ. ಚಂಡೆಯಂಥ ತೀಕ್ಷ್ಣ ಪೆಟ್ಟು ಎಂಪಿ3ಗೆ ಬಹಳ ಕಷ್ಟದ ಧ್ವನಿ. ಎಂಪಿ3 ಧ್ವನಿಯನ್ನು 1,152 ಮಾದರಿಗಳ, ಅಂದರೆ ಸುಮಾರು 26 ಮಿಲಿಸೆಕೆಂಡಿನ ಕಂತುಗಳಾಗಿ ಕತ್ತರಿಸುತ್ತದೆ. ಪೆಟ್ಟು ಕಂತಿನ ನಡುವೆ ಬಿದ್ದರೆ ಅದನ್ನು ಸಂಕುಚಿಸುವಾಗ ಹುಟ್ಟುವ ಗದ್ದಲ ಇಡೀ ಕಂತಿಗೆ ಹರಡಿಕೊಳ್ಳುತ್ತದೆ. ಪೆಟ್ಟಿಗಿಂತ ಮೊದಲೇ ಒಂದು ಸಣ್ಣ ಸರ್ ಸದ್ದು ಬರುತ್ತದೆ. ಪೆಟ್ಟಿನ ಮೊನೆ ಮೊಂಡಾಗುವುದು ಹೀಗೆ. ವಾಟ್ಸಾಪಿನಲ್ಲಿ ಕೈಯಿಂದ ಕೈಗೆ ಹೋಗಿ, ಪ್ರತಿ ಸಲವೂ ಮತ್ತಷ್ಟು ಸಂಕುಚಿತಗೊಂಡ ಪದ್ಯಕ್ಕೆ 1,92,000 ಮಾದರಿ ಕೊಟ್ಟರೆ ಆ ಮೊಂಡುತನವೇ ಇನ್ನಷ್ಟು ನಿಖರವಾಗಿ ನುಡಿಯುತ್ತದೆ.

ಅದಕ್ಕೂ ಹಿಂದೆ ಹೋದರೆ ಕ್ಯಾಸೆಟ್ ಇದೆ, ರೇಡಿಯೋ ಇದೆ. 1976ರಲ್ಲಿ ಶುರುವಾದ ಮಂಗಳೂರು ಆಕಾಶವಾಣಿಯ ಮಧ್ಯಮ ತರಂಗ ಪ್ರಸಾರ ಬ್ರಹ್ಮಾವರದ ಗೋಪುರದಿಂದ ಬರುತ್ತಿತ್ತು. ಮಧ್ಯಮ ತರಂಗದಲ್ಲಿ ಕೇಂದ್ರಗಳ ನಡುವಿನ ಅಂತರ 9 ಕಿಲೋಹರ್ಟ್ಸ್ ಮಾತ್ರವಾದ್ದರಿಂದ ಸಾಧಾರಣ ರೇಡಿಯೋದಲ್ಲಿ 4,500 ಹರ್ಟ್ಸಿನ ಮೇಲೆ ಹೆಚ್ಚೇನೂ ಉಳಿಯುತ್ತಿರಲಿಲ್ಲ. ಆ ಪ್ರಸಾರದಿಂದ ಕ್ಯಾಸೆಟ್ಟಿಗೆ ಇಳಿಸಿಕೊಂಡ ತಾಳಮದ್ದಳೆಯಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಸ್ಪಷ್ಟವಾಗಿ ಉಳಿದಿರುತ್ತದೆ, ಹಿಮ್ಮೇಳದ ತಾಳದ ಹೊಳಪು ಉಳಿದಿರುವುದಿಲ್ಲ. 1990ರಲ್ಲಿ ಅಪಘಾತದಲ್ಲಿ ತೀರಿಕೊಂಡ ಭಾಗವತ ಕಾಳಿಂಗ ನಾವಡರ ಕಂಠ, 2023ರಲ್ಲಿ ಅಗಲಿದ ಬಲಿಪ ನಾರಾಯಣ ಭಾಗವತರ ಏರುಪದ ಮುಂದಿನವರಿಗೆ ಸಿಗಬೇಕಾದದ್ದು ಇಂಥ ಟೇಪುಗಳಿಂದಲೇ. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರ ಕು. ಶಿ. ಹರಿದಾಸ ಭಟ್ಟರ ಕಾಲದಿಂದ ಮಾಡಿಕೊಂಡು ಬಂದ ಧ್ವನಿ ಮತ್ತು ದೃಶ್ಯ ದಾಖಲೆಯ ಕೆಲಸ ದೊಡ್ಡದು. ಅದರ ಹೊರಗೆ ಮನೆಮನೆಯ ಕಪಾಟುಗಳಲ್ಲಿ ಉಳಿದಿರುವುದೂ ಕಡಿಮೆಯಲ್ಲ.

ಹಾಗಾಗಿ ಈ ಊರುಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪರಿವರ್ತಕ ಅಂಕಿಯಿಂದ ಅಲೆಗೆ ಹೋಗುವುದಲ್ಲ, ಅಲೆಯಿಂದ ಅಂಕಿಗೆ ಬರುವುದು. ನುಡಿಸುವ ಡ್ಯಾಕ್ ಕಳಪೆಯಾದರೆ ನಾಳೆ ಬೇರೆ ತರಬಹುದು. ಟೇಪನ್ನು ಕೆಟ್ಟದಾಗಿ ಅಂಕಿಗೆ ಇಳಿಸಿ, ಆಮೇಲೆ ಆ ಟೇಪು ಬೂಷ್ಟು ಹಿಡಿದು ಹೋದರೆ ಮರಳಿ ದಾರಿಯಿಲ್ಲ. ಯುನೆಸ್ಕೋ ಮತ್ತು ಧ್ವನಿಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ 2019ರಲ್ಲಿ ಜಗತ್ತಿಗೆಲ್ಲ ಕೊಟ್ಟ ಎಚ್ಚರಿಕೆ ಇದೇ: ಟೇಪುಗಳೂ ಕೆಡುತ್ತಿವೆ, ಅವನ್ನು ನುಡಿಸುವ ಯಂತ್ರಗಳೂ, ಆ ಯಂತ್ರಗಳ ಬಿಡಿಭಾಗಗಳೂ ಮುಗಿಯುತ್ತಿವೆ. ವರ್ಷದಲ್ಲಿ ನಾಲ್ಕು ತಿಂಗಳು ಗೋಡೆಯೇ ಬೆವರುವ ಕರಾವಳಿಯಲ್ಲಿ ಆ ಗಡುವು ಇನ್ನೂ ಹತ್ತಿರ.

ಅದೇ ಸಂಘದ ಮಾರ್ಗಸೂಚಿ ಕನಿಷ್ಠ 24 ಬಿಟ್, 48,000 ಮಾದರಿ ಬೇಕೆನ್ನುತ್ತದೆ. 96,000 ಆದರೆ ಉತ್ತಮ. ಕ್ಯಾಸೆಟ್ಟಿನ ಸ್ವಂತ ಹರವು 50-55 ಡೆಸಿಬೆಲ್ ಮಾತ್ರ, ಅದಕ್ಕೆ 16 ಬಿಟ್ ಧಾರಾಳ. ಆದರೂ ಇಲ್ಲಿ 24 ಬಿಟ್‌ಗೆ ಅರ್ಥವಿದೆ: ಚಂಡೆ ಯಾವಾಗ ಸಿಡಿಯುತ್ತದೆಂದು ಗೊತ್ತಿಲ್ಲದ ಟೇಪನ್ನು ಮಿತಿಗಿಂತ 10 ಡೆಸಿಬೆಲ್ ಕೆಳಗಿಟ್ಟೇ ಇಳಿಸಿಕೊಳ್ಳಬಹುದು, ಯಾವ ಪೆಟ್ಟಿನ ತಲೆಯೂ ಕತ್ತರಿಸುವುದಿಲ್ಲ. ಇಳಿಸುವ ಮೊದಲು ಟೇಪನ್ನು ಒಮ್ಮೆ ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಬೇಕು, ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಬೇಕು. ಬೂಷ್ಟು ಕಾಣುವ ಕ್ಯಾಸೆಟ್ಟನ್ನು ಮಾತ್ರ ಯಂತ್ರಕ್ಕೆ ಹಾಕದೆ ಬೇರೆಯಾಗಿಟ್ಟು, ತಿಳಿದವರಿಗೆ ಕೊಡಬೇಕು. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ ತಿರುಗಿಸಿ, ಧ್ವನಿ ಅತಿ ಹೆಚ್ಚು ತೆರೆದುಕೊಳ್ಳುವ ಕೋನಕ್ಕೆ ನಿಲ್ಲಿಸಬೇಕು. ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಚಲಿಸುವ ಟೇಪಿನಲ್ಲಿ ಆ ಕೋನ ಕೂದಲೆಳೆಯಷ್ಟು ತಪ್ಪಿದರೂ ತಾಳದ ಕಿಣಿಯೆಲ್ಲ ಮಾಯವಾಗುತ್ತದೆ, ಮುಂದೆ ಯಾವ ತಂತ್ರಾಂಶವೂ ಅದನ್ನು ಮರಳಿ ತರಲಾರದು. ಗದ್ದಲ ತೆಗೆಯುವ ಕೆಲಸವನ್ನು ಪ್ರತಿಯ ಮೇಲೆ ಮಾಡಬೇಕು, ಮೂಲ ಕಡತವನ್ನು ಮುಟ್ಟಬಾರದು.

24 ಬಿಟ್, 96,000 ಮಾದರಿಯ ಒಂದು ಗಂಟೆಯ ಸ್ಟೀರಿಯೋ ಮುದ್ರಣಕ್ಕೆ ಬೇಕಾಗುವ ಜಾಗ ಎರಡು ಗಿಗಾಬೈಟಿಗಿಂತ ತುಸು ಹೆಚ್ಚು. ಒಂದು ಟೆರಾಬೈಟಿನ ಡಿಸ್ಕಿನಲ್ಲಿ 480 ಗಂಟೆಯ ಪದ್ಯ ಹಿಡಿಯುತ್ತದೆ. ಅಂಥ ಎರಡು ಡಿಸ್ಕು ತಂದು ಒಂದನ್ನು ಕಾಪುವಿನ ಮನೆಯಲ್ಲೂ ಇನ್ನೊಂದನ್ನು ಕಾರ್ಕಳದ ನೆಂಟರ ಮನೆಯಲ್ಲೂ ಇಟ್ಟರೆ ಉಪ್ಪುಗಾಳಿಯೋ ಸಿಡಿಲೋ ಎರಡನ್ನೂ ಒಟ್ಟಿಗೆ ತಿನ್ನಲಾರದು. ಖರ್ಚು ಒಂದು ದುಬಾರಿ ಡ್ಯಾಕ್‌ಗಿಂತ ಎಷ್ಟೋ ಕಡಿಮೆ. ಕಡತದ ಹೆಸರಿನಲ್ಲಿ ಪ್ರಸಂಗ, ಊರು, ವರ್ಷ, ಭಾಗವತರ ಹೆಸರಿನ ಜತೆಗೆ ಮದ್ದಳೆ ಯಾರು, ಚಂಡೆ ಯಾರು ಎಂಬುದೂ ಇರಬೇಕು. ಕ್ಯಾಸೆಟ್ಟಿನ ಹೊದಿಕೆ ಹರಿದಿದ್ದರೆ ನುಡಿಸಿದವರನ್ನು ಒಂದೇ ಪೆಟ್ಟು ಕೇಳಿ ಗುರುತಿಸಬಲ್ಲ ಹಿರಿಯರು ಕೋಟದಲ್ಲಿ, ಬ್ರಹ್ಮಾವರದಲ್ಲಿ, ಕಾರ್ಕಳದಲ್ಲಿ ಇನ್ನೂ ಇದ್ದಾರೆ. ಇಳಿಸಿದ ದಿನವೇ ಅವರಿಗೆ ಕೇಳಿಸಿ ಹೆಸರು ಬರೆದುಕೊಳ್ಳಬಹುದು.